ಎಲೆಕ್ಟ್ರಿಕ್ ವಾರಿಯರ್: ಗ್ಲಾಮ್ ರಾಕ್ ಅನ್ನು ಕಿವಿಯಿಂದ ಗುರುತಿಸಲು ಒಂದು ಆಲ್ಬಂ

70ರ ದಶಕದ ಆರಂಭದ ಬ್ರಿಟಿಷ್ ರಾಕ್ ಶೈಲಿಯಾದ ಗ್ಲಾಮ್ ರಾಕ್ ಎಂದೊಡನೆ ಬಹುಪಾಲು ಜನರಿಗೆ ನೆನಪಾಗುವುದು ಎತ್ತರದ ಅಟ್ಟೆಯ ಬೂಟು, ಮಿರುಗುವ ಸ್ಯಾಟಿನ್ ಅಂಗಿ, ಗಂಡಸರ ಕೆನ್ನೆಗೆ ಅಂಟಿದ ಮಿನುಗುಪುಡಿ. ಇವೆಲ್ಲ ಇದ್ದದ್ದು ನಿಜ. ಆದರೆ ವೇಷವೊಂದನ್ನೇ ಲಕ್ಷಣವೆಂದು ಹಿಡಿದು ಹೊರಟರೆ ಆಲಿಸ್ ಕೂಪರ್‌ನ ಭಯಾನಕ ರಂಗಪ್ರದರ್ಶನವೂ, ಕಿಸ್ ತಂಡದ ಬಣ್ಣ ಬಳಿದ ಮುಖಗಳೂ, 1980ರ ದಶಕದ ಲಾಸ್ ಏಂಜಲೀಸ್‌ನ ಕೆದರುಗೂದಲಿನ ಮೆಟಲ್ ತಂಡಗಳೂ ಒಂದೇ ರಾಶಿಯಲ್ಲಿ ಸೇರಿಹೋಗುತ್ತವೆ. ಕಣ್ಣು ಮುಚ್ಚಿ ಕೇಳಿದಾಗಲೂ ಇದು ಗ್ಲಾಮ್ ಎಂದು ಗುರುತು ಹತ್ತುವಂಥದ್ದು ಆ ಸಂಗೀತದಲ್ಲಿ ಏನಿದೆ ಎಂದು ತಿಳಿಯಬೇಕಾದವರಿಗೆ ಟಿ. ರೆಕ್ಸ್ ತಂಡದ ‘ಎಲೆಕ್ಟ್ರಿಕ್ ವಾರಿಯರ್’ ಆಲ್ಬಂಗಿಂತ ಒಳ್ಳೆಯ ಆರಂಭ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. 1971ರ ಸೆಪ್ಟೆಂಬರ್‌ನಲ್ಲಿ ಫ್ಲೈ ರೆಕಾರ್ಡ್ಸ್ ಸಂಸ್ಥೆ ಬ್ರಿಟನ್ನಿನಲ್ಲಿ ಹೊರತಂದ ಈ 11 ಹಾಡುಗಳ ಎಲ್‌ಪಿ (ಎರಡು ಬದಿಯ ದೊಡ್ಡ ಗ್ರಾಮೊಫೋನ್ ತಟ್ಟೆ) ಅಲ್ಲಿನ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ವಿಚಿತ್ರವೆಂದರೆ ಇದರ ಹೊದಿಕೆಯ ಮೇಲೆ ಮಿನುಗುಪುಡಿಯ ಸುಳಿವೇ ಇಲ್ಲ. ಹಿಪ್‌ನೋಸಿಸ್ ಸಂಸ್ಥೆ ವಿನ್ಯಾಸಗೊಳಿಸಿದ ಆ ಹೊದಿಕೆಯಲ್ಲಿರುವುದು ಕಡುಗಪ್ಪು ಹಿನ್ನೆಲೆ, ಗಿಟಾರ್ ಹಿಡಿದು ನಿಂತ ಒಬ್ಬ ಮನುಷ್ಯ, ಅವನ ಹಿಂದೆ ಆಳೆತ್ತರದ ಆಂಪ್ಲಿಫೈಯರ್, ಇವೆರಡರ ಅಂಚಿಗೆ ಮಾತ್ರ ಚಿನ್ನದ ಬಣ್ಣದ ಹೊಳಪು.

ಆ ಮನುಷ್ಯ ಮಾರ್ಕ್ ಬೋಲನ್. 1947ರಲ್ಲಿ ಲಂಡನ್ನಿನ ಹ್ಯಾಕ್ನಿಯಲ್ಲಿ ಹುಟ್ಟಿದ ಮಾರ್ಕ್ ಫೆಲ್ಡ್ ಎಂಬ ಹುಡುಗ ಈ ಹೆಸರನ್ನು ಇಟ್ಟುಕೊಂಡು, 60ರ ದಶಕದ ಕೊನೆಯಲ್ಲಿ ‘ಟಿರಾನೊಸಾರಸ್ ರೆಕ್ಸ್’ ಎಂಬ ಇಬ್ಬರೇ ಸದಸ್ಯರ ತಂಡ ಕಟ್ಟಿದ್ದ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಅಕೂಸ್ಟಿಕ್ ಗಿಟಾರ್ ಮತ್ತು ಬೊಂಗೊ ಎಂಬ ಚರ್ಮವಾದ್ಯ ನುಡಿಸುತ್ತ, ಯಕ್ಷಿಣಿಯರು, ಮಾಂತ್ರಿಕರು, ಒಂಟಿಕೊಂಬಿನ ಕುದುರೆಗಳ ಬಗ್ಗೆ ಹಾಡುತ್ತಿದ್ದ ಹಿಪ್ಪಿ ಕಾಲದ ತಂಡ ಅದು. 1970ರಲ್ಲಿ ತಂಡದ ಹೆಸರು ಟಿ. ರೆಕ್ಸ್ ಎಂದು ಮೊಟಕಾಯಿತು, ಗಿಟಾರಿಗೆ ವಿದ್ಯುತ್ ಬಂತು, ಅಕ್ಟೋಬರ್‌ನಲ್ಲಿ ಬಂದ ‘ರೈಡ್ ಎ ವೈಟ್ ಸ್ವಾನ್’ ಬ್ರಿಟನ್ನಿನ ಬಿಡಿ ಹಾಡುಗಳ ಪಟ್ಟಿಯಲ್ಲಿ ಎರಡನೆಯ ಸ್ಥಾನ ತಲುಪಿತು. ಮುಂದಿನ ವರ್ಷದ ‘ಹಾಟ್ ಲವ್’ ಆರು ವಾರ ಮೊದಲ ಸ್ಥಾನದಲ್ಲಿತ್ತು. ಆ ಹಾಡಿಗಾಗಿ ಬಿಬಿಸಿಯ ‘ಟಾಪ್ ಆಫ್ ದ ಪಾಪ್ಸ್’ ಕಾರ್ಯಕ್ರಮಕ್ಕೆ ಬೋಲನ್ ಕಣ್ಣಿನ ಕೆಳಗೆ ಮಿನುಗುಪುಡಿ ಹಚ್ಚಿಕೊಂಡು ಬಂದ ದಿನವನ್ನೇ ಗ್ಲಾಮ್‌ನ ಜನ್ಮದಿನವೆಂದು ಇತಿಹಾಸಕಾರರು ವಾಡಿಕೆಯಾಗಿ ಹೇಳುತ್ತಾರೆ. ಮುಖಕ್ಕೆ ಬಣ್ಣ ಹತ್ತುವ ಮೊದಲೇ ಹಾಡಿನ ಅಳತೆ ಬದಲಾಗಿತ್ತೆಂಬುದನ್ನು ಈ ಹೇಳಿಕೆ ಮರೆಸುತ್ತದೆ, ಅದೊಂದೇ ನನ್ನ ತಕರಾರು.

ಅಳತೆ ಬದಲಾದದ್ದು ಹೇಗೆ ಎಂಬುದಕ್ಕೆ ಎರಡನೆಯ ಬದಿಯ ಮೊದಲ ಹಾಡಾದ ‘ಗೆಟ್ ಇಟ್ ಆನ್’ ಅನ್ನು ಹತ್ತಿರದಿಂದ ಕೇಳಬೇಕು. ಮೊದಲಿಗೆ ಬರುವುದು ಇ ಶ್ರುತಿಯ ಒಂದು ಗಿಟಾರ್ ರಿಫ್, ಅಂದರೆ ಮತ್ತೆ ಮತ್ತೆ ಮರಳುವ ಚಿಕ್ಕ ಮಟ್ಟು, ಅದು ಎಲ್ಲಿಗೂ ಓಡುವ ಅವಸರದಲ್ಲಿಲ್ಲ. ಬಿಲ್ ಲೆಜೆಂಡ್‌ನ ಡ್ರಮ್ಸ್ ಪ್ರತಿಧ್ವನಿಯಿಲ್ಲದೆ, ಒಣದಾಗಿ, ಕಿವಿಯ ಪಕ್ಕದಲ್ಲೇ ಬಾರಿಸಿದಂತೆ ಕೇಳುತ್ತದೆ. ಚರಣವೆಲ್ಲ ಇ ಮತ್ತು ಎ ಎಂಬ ಎರಡು ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ನಡುವೆಯೇ ಓಲಾಡುತ್ತದೆ. ಪಲ್ಲವಿಯ ಬಾಯಲ್ಲಿ, ಆ ಶ್ರುತಿಗೆ ಸೇರದ ಜಿ ಕಾರ್ಡ್ ಹಠಾತ್ತನೆ ಬಂದು ನಿಲ್ಲುತ್ತದೆ, ಹಾಡು ಎದ್ದು ನಿಂತ ಹಾಗಾಗುತ್ತದೆ. ಇಡೀ ನಾಲ್ಕೂವರೆ ನಿಮಿಷದ ಬಂಡವಾಳ ಈ ಮೂರು ಕಾರ್ಡ್‌ಗಳು. ಬೋಲನ್ ಕೂಗುವುದಿಲ್ಲ. ಮೈಕ್ರೋಫೋನಿಗೆ ತುಟಿ ತಾಗುವಷ್ಟು ಸಮೀಪ ನಿಂತು, ಉಸಿರಿನಲ್ಲೇ ಅರ್ಧ ಮಾತು ನುಂಗುತ್ತ, ಸಣ್ಣಗೆ ನಡುಗುವ ದನಿಯಲ್ಲಿ ಹಾಡುತ್ತಾನೆ. ಅವನ ಹಿಂದೆ, ಹಿಂದೊಮ್ಮೆ ದ ಟರ್ಟಲ್ಸ್ ತಂಡದಲ್ಲಿದ್ದ ಹೋವರ್ಡ್ ಕೇಲನ್ ಮತ್ತು ಮಾರ್ಕ್ ವೋಲ್ಮನ್ ಹೆಣ್ಣುದನಿಯಷ್ಟು ಎತ್ತರದಲ್ಲಿ ದನಿಗೂಡಿಸುತ್ತಾರೆ. ಗಂಭೀರ ಗಂಡುದನಿಯ ಅಬ್ಬರಕ್ಕೆ ಒಗ್ಗಿದ ಆ ಕಾಲದ ರಾಕ್ ಕೇಳುಗರಿಗೆ ಮುಖದ ಬಣ್ಣಕ್ಕಿಂತ ಈ ದನಿಯೇ ಹೆಚ್ಚು ಕಸಿವಿಸಿ ತಂದಿರಬೇಕು.

ಇದೇ ಹಾಡಿನಲ್ಲಿ ಪಿಯಾನೊದ ಮನೆಗಳ ಮೇಲೆ ಬೆರಳನ್ನು ಸರ್ರನೆ ಎಳೆದ ಸದ್ದು ಆಗಾಗ ಬಂದುಹೋಗುತ್ತದೆ. ಅದನ್ನು ನುಡಿಸಿದವನು ರಿಕ್ ವೇಕ್‌ಮನ್. ಆ ದಿನದ ಕೆಲಸಕ್ಕೆ ಅವನಿಗೆ ಸಿಕ್ಕ ಸಂಭಾವನೆ 9 ಪೌಂಡ್. ಅದೇ ವರ್ಷ ಅವನು ‘ಯೆಸ್’ ತಂಡ ಸೇರಿ, ಸುತ್ತಲೂ ಕೀಬೋರ್ಡ್‌ಗಳನ್ನು ಹೇರಿಕೊಂಡು, ಉದ್ದನೆಯ, ಜಟಿಲ ರಚನೆಗಳ ಪ್ರೊಗ್ರೆಸಿವ್ ರಾಕ್‌ನ ಅತಿ ಪ್ರಸಿದ್ಧ ವಾದಕರಲ್ಲಿ ಒಬ್ಬನಾದ. ಹಾಗೆಯೇ ಆಲ್ಬಂನಲ್ಲಿ ಸ್ಯಾಕ್ಸೋಫೋನ್ ನುಡಿಸಿರುವ ಇಯಾನ್ ಮೆಕ್‌ಡೊನಾಲ್ಡ್ ‘ಕಿಂಗ್ ಕ್ರಿಮ್ಸನ್’ ತಂಡವನ್ನು ಕಟ್ಟಿದವರಲ್ಲಿ ಒಬ್ಬ. ಗ್ಲಾಮ್‌ನ ಬುನಾದಿಯೆನಿಸಿದ ಆಲ್ಬಂನಲ್ಲಿ ಪ್ರೊಗ್ರೆಸಿವ್ ರಾಕ್‌ನ ಇಬ್ಬರು ಘಟಾನುಘಟಿಗಳಿದ್ದಾರೆ ಎಂಬ ಸಂಗತಿ ಈ ಎರಡು ಪ್ರಕಾರಗಳ ವ್ಯತ್ಯಾಸವನ್ನು ಬೇರಾವ ವಿವರಣೆಗಿಂತ ಚೆನ್ನಾಗಿ ತೋರಿಸುತ್ತದೆ. ಗ್ಲಾಮ್ ತಂಡಗಳಿಗೆ ನುಡಿಸಲು ಬರುತ್ತಿರಲಿಲ್ಲ, ಆದ್ದರಿಂದ ಸರಳ ಸಂಗೀತ ಮಾಡಿದರು ಎಂಬ ಹಳೆಯ ಟೀಕೆ ಇಲ್ಲಿ ನಿಲ್ಲುವುದಿಲ್ಲ. ಎಲ್ಲವೂ ಬರುವ ವಾದಕನನ್ನು ಕರೆತಂದು, ಒಂದೇ ಒಂದು ಬೆರಳಿನ ಎಳೆತವನ್ನು ನುಡಿಸಿಕೊಂಡು ಕಳುಹಿಸಿದ್ದಾರೆ. ಅದೇ ವೇಕ್‌ಮನ್‌ಗೆ ಪ್ರೊಗ್ರೆಸಿವ್ ರಾಕ್ ಇಪ್ಪತ್ತು ನಿಮಿಷದ ರಚನೆಗಳನ್ನೂ ಬದಲಾಗುತ್ತ ಹೋಗುವ ತಾಳಗಳನ್ನೂ ಕೊಟ್ಟಿತು. ಈ ಆಲ್ಬಂನಲ್ಲಿ ಐದು ನಿಮಿಷ ಮುಟ್ಟುವ ಹಾಡು ಒಂದೂ ಇಲ್ಲ.

ಈ ಬಿಗಿ ಎಲ್ಲರಿಗೂ ಹಿಡಿಸಲಿಲ್ಲ. ಹಿಪ್ಪಿ ದಿನಗಳಲ್ಲಿ ಬೋಲನ್‌ನನ್ನು ರೇಡಿಯೊದಲ್ಲಿ ಹೊತ್ತು ಮೆರೆಸಿದ್ದ ಜಾನ್ ಪೀಲ್‌ಗೆ ‘ಗೆಟ್ ಇಟ್ ಆನ್’ ರುಚಿಸಲಿಲ್ಲ, ಅಲ್ಲಿಗೆ ಅವರ ಗೆಳೆತನವೂ ಮುರಿಯಿತು. ಜನಪ್ರಿಯತೆಯ ಹಂಗಿಲ್ಲದ ‘ಭೂಗತ’ (ಅಂಡರ್‌ಗ್ರೌಂಡ್) ಸಂಗೀತದ ಗಾಂಭೀರ್ಯವನ್ನು ಬಿಟ್ಟು ಹದಿಹರೆಯದವರ ಪಾಪ್‌ಗೆ ಮಾರಿಕೊಂಡ ಎಂಬುದು ಹಳೆಯ ಅಭಿಮಾನಿಗಳ ದೂರು. ಆದರೆ ಹಾಡು ಮತ್ತೆ ಹುಡುಗ ಹುಡುಗಿಯರ ಕುಣಿತಕ್ಕೆ ಒದಗಬೇಕು, ನಕ್ಷತ್ರವೆಂಬುವನು ನಕ್ಷತ್ರದಂತೆಯೇ ಕಾಣಬೇಕು ಎಂಬುದೇ ಗ್ಲಾಮ್‌ನ ತಾತ್ವಿಕ ನೆಲೆಯಾಗಿತ್ತು. ಜೀನ್ಸ್ ತೊಟ್ಟು, ಪ್ರೇಕ್ಷಕರಿಗೆ ಬೆನ್ನು ಹಾಕಿ, ತನ್ನ ಅಂತರಂಗವನ್ನೇ ತೋಡಿಕೊಳ್ಳುತ್ತಿದ್ದೇನೆ ಎನ್ನುವ 60ರ ದಶಕದ ಕೊನೆಯ ಪ್ರಾಮಾಣಿಕತೆಯೂ ಒಂದು ವೇಷವೇ ತಾನೇ ಎಂದು ಗ್ಲಾಮ್ ಮುಗುಳುನಕ್ಕು ಕೇಳಿತು.

ಹಾರ್ಡ್ ರಾಕ್‌ನೊಂದಿಗಿನ ವ್ಯತ್ಯಾಸ ಇನ್ನಷ್ಟು ಸೂಕ್ಷ್ಮವಾದದ್ದು, ಏಕೆಂದರೆ ಎರಡರ ಬೇರೂ ಅಮೆರಿಕದ ಕಪ್ಪು ಸಂಗೀತದಲ್ಲಿದೆ. ಹಾರ್ಡ್ ರಾಕ್ ತಂಡವಾದ ಲೆಡ್ ಜೆಪೆಲಿನ್ ಬ್ಲೂಸ್ ಅನ್ನು ತೆಗೆದುಕೊಂಡು ಹಿಗ್ಗಿಸಿತು, ತೂಕ ಹೇರಿತು, ನಡುವೆ ಗಿಟಾರ್ ಏಕವಾದನಕ್ಕೆ ವಿಶಾಲವಾದ ಅಂಗಳ ಬಿಟ್ಟಿತು. ಬೋಲನ್ ಹಿಂದಕ್ಕೆ ನಡೆದು 50ರ ದಶಕದ ರಾಕ್ ಆಂಡ್ ರೋಲ್‌ನ ಬಾಗಿಲು ತಟ್ಟಿದ. ‘ಜೀಪ್‌ಸ್ಟರ್’ ಹಾಡಿನ ಮೂಲ ಹೌಲಿನ್ ವುಲ್ಫ್ ಹಾಡಿದ ಒಂದು ಬ್ಲೂಸ್. ‘ಗೆಟ್ ಇಟ್ ಆನ್’ ಚಕ್ ಬೆರಿಯ ‘ಲಿಟಲ್ ಕ್ವೀನಿ’ಗೆ ಋಣಿ, ಕೊನೆಗೆ ಹಾಡಿನ ಸದ್ದು ಮೆಲ್ಲಗೆ ಅಡಗುತ್ತಿರುವಾಗ ಬೆರಿಯ ಸಾಲೊಂದನ್ನು ಬೋಲನ್ ಬೇಕೆಂದೇ ಗೊಣಗಿ ಆ ಋಣವನ್ನು ಒಪ್ಪಿಕೊಳ್ಳುತ್ತಾನೆ. ‘ಜೀಪ್‌ಸ್ಟರ್’ ಅನ್ನು ಹೆಡ್‌ಫೋನಿನಲ್ಲಿ ಕೇಳಿದರೆ ಸ್ಟುಡಿಯೊದ ನೆಲಕ್ಕೆ ಕಾಲು ಅಪ್ಪಳಿಸಿದ ಸದ್ದೂ ತಾಳದ ಜತೆ ಸೇರಿಕೊಂಡಿರುವುದು ತಿಳಿಯುತ್ತದೆ. ಗಿಟಾರ್ ಇಲ್ಲಿ ಮೆರೆಯಲು ಹೊರಡುವುದಿಲ್ಲ, ಹಾಡನ್ನು ಕುಣಿಸುವುದೇ ಅದರ ಕೆಲಸ. ಬೋಲನ್‌ನ ಏಕವಾದನಗಳು ಚಿಕ್ಕವು, ಕೆಲವೊಮ್ಮೆ ಒರಟು, ನಾಲ್ಕಾರು ಸ್ವರಗಳನ್ನೇ ತಿರುಚಿ ಮುಗಿಸುವಂಥವು. ಅವನನ್ನು ದೊಡ್ಡ ಗಿಟಾರ್ ವಾದಕನೆಂದು ಯಾರೂ ಪಟ್ಟಿ ಮಾಡುವುದಿಲ್ಲ, ಆದರೆ ರಿಫ್ ಒಂದನ್ನು ಎಲ್ಲಿ ನಿಲ್ಲಿಸಬೇಕೆಂದು ಅವನಷ್ಟು ಖಚಿತವಾಗಿ ತಿಳಿದವರು ಕಡಿಮೆ.

ಇಷ್ಟು ಒಣ, ಇಷ್ಟು ಸರಳ ಎಂದ ಮೇಲೆ ಗ್ಲಾಮ್‌ನ ವೈಭವ ಎಲ್ಲಿಂದ ಬಂತು? ನಿರ್ಮಾಪಕ ಟೋನಿ ವಿಸ್ಕಾಂಟಿಯ ತಂತಿವಾದ್ಯಗಳಿಂದ ಎಂದು ನಾನು ಹೇಳುತ್ತೇನೆ. ‘ಕಾಸ್ಮಿಕ್ ಡ್ಯಾನ್ಸರ್’ ಈ ಆಲ್ಬಂನ ಶಿಖರ. ಅಕೂಸ್ಟಿಕ್ ಗಿಟಾರ್ ಮೇಲೆ ಶುರುವಾಗುವ ಮಂದಗತಿಯ ಹಾಡು. ಹನ್ನೆರಡನೆಯ ವಯಸ್ಸಿನಿಂದ, ಅದಕ್ಕೂ ಮೊದಲು ತಾಯ ಗರ್ಭದಿಂದಲೇ ಕುಣಿಯುತ್ತ ಬಂದವನು ಗೋರಿಯವರೆಗೂ ಕುಣಿಯುತ್ತಲೇ ಹೋಗುವುದನ್ನು ಕುರಿತದ್ದು. ಪಿಟೀಲು ಮತ್ತು ಚೆಲ್ಲೊಗಳು ಮೊದಲು ಉದ್ದನೆಯ ಸ್ವರಗಳನ್ನು ಹಾಸುತ್ತವೆ, ಆಮೇಲೆ ಮಟ್ಟಿಗೆ ಮಟ್ಟು ಉತ್ತರ ಕೊಡತೊಡಗುತ್ತವೆ, ಕೊನೆಗೆ ಹಿಮ್ಮುಖವಾಗಿ ತಿರುಗಿಸಿದ ಧ್ವನಿಮುದ್ರಣದ ಗಿಟಾರ್ ಅವುಗಳ ನಡುವೆ ನುಸುಳಿ, ಯಾವುದು ತಂತಿ ಯಾವುದು ವಿದ್ಯುತ್ ಎಂದು ತಿಳಿಯದಷ್ಟು ಬೆರೆತುಹೋಗುತ್ತದೆ. ಮಾತು ಬಾಲಿಶವೆನ್ನಿಸುವಷ್ಟು ಸರಳ, ಮೇಲೆ ಹೊದಿಸಿದ ತಂತಿವಾದ್ಯ ಮಾತ್ರ ರಾಜಗಾಂಭೀರ್ಯದ್ದು. ಈ ಎರಡರ ಅಂತರದಲ್ಲಿ ಹುಟ್ಟುವ ವಿಷಾದ ಮತ್ತು ತಮಾಷೆ ಎರಡನ್ನೂ ಒಟ್ಟಿಗೆ ಹಿಡಿದಿಡುವುದು ಗ್ಲಾಮ್‌ನ ಅತ್ಯಂತ ಗಟ್ಟಿಯಾದ ಲಕ್ಷಣವೆಂದು ನನಗೆ ತೋರುತ್ತದೆ. ಕಾರಿನ ಚಕ್ರದ ಮುಚ್ಚಳವನ್ನು ಹುಡುಗಿಯ ತಲೆಯ ಹಿಂದಿನ ವಜ್ರದ ಪ್ರಭಾವಳಿಯಾಗಿ ಕಾಣುವ ‘ಗೆಟ್ ಇಟ್ ಆನ್’ನ ಕಲ್ಪನೆಯೂ ಇದೇ ಜಾತಿಯದು.

ಅದೇ ಕಾಲದ ಬಬಲ್‌ಗಮ್ ಪಾಪ್ ಕೂಡ ಚಿಕ್ಕದು, ಸರಳ, ಕುಣಿಸುವಂಥದು. ಆದರೆ ಅದರಲ್ಲಿ ಹಾಡಿನ ಹಿಂದಿನ ಮನುಷ್ಯ ಕಾಣುವುದಿಲ್ಲ. ನಿರ್ಮಾಪಕರು ಹೆಣೆದು, ಬಾಡಿಗೆ ವಾದಕರು ನುಡಿಸಿ, ಯಾವ ತಂಡದ ಹೆಸರನ್ನಾದರೂ ಅಂಟಿಸಬಹುದಾದ ಸರಕು ಅದು. ‘ಪ್ಲಾನೆಟ್ ಕ್ವೀನ್’ ಅಥವಾ ‘ಮ್ಯಾಂಬೊ ಸನ್’ ಅನ್ನು ಬೇರೊಬ್ಬನ ದನಿಯಲ್ಲಿ ಊಹಿಸಿಕೊಳ್ಳಲು ಯತ್ನಿಸಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ.

ದೋಷಗಳಿಲ್ಲವೆಂದಲ್ಲ. ಮೊದಲ ಬದಿಯ ಕೊನೆಗಿರುವ ‘ಲೀನ್ ವುಮನ್ ಬ್ಲೂಸ್’ ಹೆಸರೇ ಹೇಳುವಂತೆ ಬ್ಲೂಸ್, ಅದೂ ಯಾವ ತಂಡವಾದರೂ ಬಿಡುವಿನ ವೇಳೆಯಲ್ಲಿ ನುಡಿಸಬಹುದಾದಂಥದು. ಅದಕ್ಕೂ ಮೊದಲು ಬರುವ ‘ಮೊನೊಲಿತ್’ ಹಳೆಯ ಡೂ-ವಾಪ್ ಗುಂಪುಗಾಯನದ ನೆರಳಿನಲ್ಲಿ ಚೆನ್ನಾಗಿಯೇ ಶುರುವಾದರೂ ಎಳೆದು ಎಳೆದು ಸೊರಗುತ್ತದೆ. ‘ದ ಮೋಟಿವೇಟರ್’ ‘ಗೆಟ್ ಇಟ್ ಆನ್’ನ ಬಡ ತಮ್ಮನಂತಿದೆ. ಹೆಣ್ಣನ್ನು ಮತ್ತೆ ಮತ್ತೆ ಕಾರಿಗೆ, ಬೆಕ್ಕಿಗೆ, ಗ್ರಹಕ್ಕೆ ಹೋಲಿಸುವ ಬೋಲನ್‌ನ ಅಭ್ಯಾಸ ಮೂರನೆಯ ಹಾಡಿನ ಹೊತ್ತಿಗೆ ರಂಜಿಸುತ್ತದೆ, ಒಂಬತ್ತನೆಯದರ ಹೊತ್ತಿಗೆ ದಣಿಸುತ್ತದೆ. ಕೊನೆಯ ‘ರಿಪ್ ಆಫ್’ ಮಾತ್ರ ಬೇರೆಯೇ ಮಾತು. ಇಡೀ ಆಲ್ಬಂನಲ್ಲಿ ಪಿಸುಗುಟ್ಟಿದ ಬೋಲನ್ ಅಲ್ಲಿ ಕಿರುಚುತ್ತಾನೆ, ಮೆಕ್‌ಡೊನಾಲ್ಡ್‌ನ ಸ್ಯಾಕ್ಸೋಫೋನ್ ಕೆರಳುತ್ತದೆ, ಹಾಡು ಮುಗಿದ ಮೇಲೂ ಒಂದು ದೀರ್ಘ ಸ್ವರ ಬಹಳ ಹೊತ್ತು ಗುಂಯ್‌ಗುಡುತ್ತ ನಿಲ್ಲುತ್ತದೆ.

ಈ ಆಲ್ಬಂ ಕೇಳಿ ಮೂಡಿದ ಅಳತೆಗೋಲನ್ನು ಉಳಿದ ಗ್ಲಾಮ್ ತಂಡಗಳ ಮೇಲೆ ಇಟ್ಟು ನೋಡಿದಾಗ ಎಲ್ಲವೂ ಸರಿಯಾಗಿ ಕೂರುವುದಿಲ್ಲ, ಕೂರಬೇಕೆಂದೂ ಇಲ್ಲ. ಸ್ಲೇಡ್ ತಂಡ ಲಯವನ್ನು ಉಳಿಸಿಕೊಂಡು ಪಿಸುಮಾತನ್ನು ಬಿಟ್ಟಿತು. ಅದರ ಗಾಯಕ ನಾಡಿ ಹೋಲ್ಡರ್‌ನ ಗಂಟಲು ಫುಟ್‌ಬಾಲ್ ಮೈದಾನದ ಗಂಟಲು, ಪಲ್ಲವಿ ಗುಂಪಿಗೆಂದೇ ಬರೆದದ್ದು, 1973ರಲ್ಲಿ ಅವರ ಮೂರು ಹಾಡುಗಳು ಬಿಡುಗಡೆಯಾದೊಡನೆ ನೇರವಾಗಿ ಮೊದಲ ಸ್ಥಾನಕ್ಕೇ ಬಂದವು. ಸ್ವೀಟ್ ತಂಡ ಬಬಲ್‌ಗಮ್‌ನ ಗಡಿಯಲ್ಲಿ ನಿಂತಿದೆ: ನಿಕಿ ಚಿನ್ ಮತ್ತು ಮೈಕ್ ಚಾಪ್‌ಮನ್ ಜೋಡಿ ಬರೆದುಕೊಟ್ಟ ಹಾಡು ಒಂದು ಬದಿಗೆ, ತಾವೇ ಕಟ್ಟಿದ ಬಿರುಸಿನ ಹಾರ್ಡ್ ರಾಕ್ ಇನ್ನೊಂದು ಬದಿಗೆ. ರಾಕ್ಸಿ ಮ್ಯೂಸಿಕ್ ಕಲಾಶಾಲೆಯ ಬುದ್ಧಿಯನ್ನು ತಂದಿತು. 1972ರ ಅವರ ‘ವರ್ಜೀನಿಯಾ ಪ್ಲೇನ್’ ಹಾಡಿಗೆ ಪಲ್ಲವಿಯೇ ಇಲ್ಲ, ಶೀರ್ಷಿಕೆಯ ಮಾತು ಕಟ್ಟಕಡೆಗೆ ಬಂದು ಹಾಡು ಥಟ್ಟನೆ ನಿಲ್ಲುತ್ತದೆ. ಆರ್ಟ್ ರಾಕ್ ಮತ್ತು ಗ್ಲಾಮ್ ಎಲ್ಲಿ ಬೇರೆಯಾಗುತ್ತವೆ ಎಂದು ಈ ತಂಡದ ವಿಷಯದಲ್ಲಿ ವಾದಿಸುವುದು ವ್ಯರ್ಥ.

ಡೇವಿಡ್ ಬೋವಿಯ ಪ್ರಶ್ನೆ ದೊಡ್ಡದು. 1972ರ ‘ಝಿಗಿ ಸ್ಟಾರ್‌ಡಸ್ಟ್’ ಆಲ್ಬಂ ಅನ್ನೇ ಗ್ಲಾಮ್‌ನ ಮಾದರಿಯೆಂದು ಮೊದಲು ಕೈಗಿಡುವ ಪರಿಪಾಠವಿದೆ, ನಾನು ಅದನ್ನು ಶಿಫಾರಸು ಮಾಡುವುದಿಲ್ಲ. ಅದು ಕೀಳೆಂದಲ್ಲ, ಹಾಡು ಕಟ್ಟುವ ಶಕ್ತಿಯಲ್ಲಿ ಬೋವಿ ಬೋಲನ್‌ಗಿಂತ ಬಹಳ ಮೇಲೆ. ಆದರೆ ಆ ಆಲ್ಬಂನಲ್ಲಿ ಗ್ಲಾಮ್ ಅಷ್ಟೇ ಇಲ್ಲ. ಅದರಲ್ಲಿ ರಂಗಭೂಮಿಯ ಹಾಡಿದೆ, ಕಥೆಯ ಚೌಕಟ್ಟಿದೆ, ‘ಮೂನೇಜ್ ಡೇಡ್ರೀಮ್’ನ ಕೊನೆಯಲ್ಲಿ ಗಿಟಾರ್ ವಾದಕ ಮಿಕ್ ರಾನ್ಸನ್ ನುಡಿಸುವ, ‘ಎಲೆಕ್ಟ್ರಿಕ್ ವಾರಿಯರ್’ನಲ್ಲಿ ಬೋಲನ್ ಯತ್ನಿಸದಂಥ ದೀರ್ಘ ಏಕವಾದನವಿದೆ. ಬೋಲನ್ ತನ್ನನ್ನೇ ಪಾತ್ರವಾಗಿಸಿಕೊಂಡ. ವೇಷ ಕಳಚಿದರೆ ಒಳಗೆ ಬೇರೊಬ್ಬನಿರಲಿಲ್ಲ. ಬೋವಿ ಪಾತ್ರವೊಂದನ್ನು ಕಟ್ಟಿ, ಆಡಿಸಿ, 1973ರ ಜುಲೈ 3ರಂದು ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್‌ನ ವೇದಿಕೆಯ ಮೇಲೆಯೇ ಅದಕ್ಕೆ ಮಂಗಳ ಹಾಡಿದ. ಗ್ಲಾಮ್ ಎಂದರೇನೆಂದು ಮೊದಲು ಇಲ್ಲಿ ತಿಳಿದು ಆಮೇಲೆ ಅಲ್ಲಿಗೆ ಹೋದವರಿಗೆ, ಬೋವಿ ಏನನ್ನು ಎರವಲು ತಂದ, ಏನನ್ನು ಸೇರಿಸಿದ ಎಂಬುದು ಸ್ಪಷ್ಟವಾಗುತ್ತದೆ.

ಅಮೆರಿಕದಲ್ಲಿ ಬೋಲನ್‌ಗೆ ಅಷ್ಟಾಗಿ ನೆಲೆ ಸಿಗಲಿಲ್ಲ. ಅಲ್ಲಿ ‘ಬ್ಯಾಂಗ್ ಎ ಗಾಂಗ್’ ಎಂಬ ಬದಲಾದ ಹೆಸರಿನಲ್ಲಿ ಬಂದ ‘ಗೆಟ್ ಇಟ್ ಆನ್’ ಹತ್ತನೆಯ ಸ್ಥಾನ ತಲುಪಿತು. 1985ರಲ್ಲಿ ಪವರ್ ಸ್ಟೇಷನ್ ಎಂಬ ತಂಡ ಅದನ್ನೇ ಮತ್ತೆ ಹಾಡಿ ಒಂಬತ್ತನೆಯ ಸ್ಥಾನಕ್ಕೇರಿಸಿತು. ಎರಡನ್ನೂ ಒಂದರ ಹಿಂದೊಂದು ಕೇಳುವುದು ಒಳ್ಳೆಯ ಪಾಠ. ಹೊಸದರಲ್ಲಿ ಡ್ರಮ್ಸ್ ಸಭಾಂಗಣದಷ್ಟು ದೊಡ್ಡದಾಗಿದೆ, ಎಲ್ಲ ಮೂಲೆಗಳೂ ತುಂಬಿವೆ, ಹಾಡಿಗೆ ಉಸಿರಾಡಲು ಜಾಗವಿಲ್ಲ. 80ರ ದಶಕದ ಗ್ಲಾಮ್ ಮೆಟಲ್ ಕೂಡ ಇದೇ ದಾರಿಯದು. ಮಾಟ್ಲಿ ಕ್ರೂ, ಪಾಯ್ಸನ್ ಮುಂತಾದ ತಂಡಗಳು ತುಟಿಯ ಬಣ್ಣವನ್ನೂ ಗುಂಪಿನ ಪಲ್ಲವಿಯನ್ನೂ 70ರ ದಶಕದಿಂದ ಎತ್ತಿಕೊಂಡವು, ಕ್ವಾಯೆಟ್ ರಯಟ್ ತಂಡ 1983ರಲ್ಲಿ ಸ್ಲೇಡ್‌ನ ಹಾಡನ್ನೇ ಹಾಡಿ ಗೆದ್ದಿತು. ಆದರೆ ಬೋಲನ್ ಹೊರಗಟ್ಟಿದ್ದ ಗಿಟಾರ್ ಏಕವಾದನ ಅಲ್ಲಿ ಸಿಂಹಾಸನಕ್ಕೆ ಮರಳಿತು, ಗಂಡುತನದ ಬಗೆಗಿನ ಗೇಲಿ ಮಾಯವಾಗಿ ಗಂಡುತನದ ಪ್ರದರ್ಶನವೇ ಉಳಿಯಿತು. ಹೆಸರಿನಲ್ಲಿ ಗ್ಲಾಮ್ ಇದ್ದರೂ ಅದನ್ನು ಮೆಟಲ್‌ನ ವಂಶಕ್ಕೇ ಸೇರಿಸಬೇಕು. ಆಲಿಸ್ ಕೂಪರ್‌ನ ಶಾಕ್ ರಾಕ್ ವೇದಿಕೆಯ ನಾಟಕದಲ್ಲಿ ಗ್ಲಾಮ್‌ನ ನೆಂಟ, ಆದರೆ ಅದರ ಉದ್ದೇಶ ಹೆದರಿಸುವುದು, ಮೋಹಿಸುವುದಲ್ಲ. ನಿಜವಾದ ವಾರಸುದಾರಿಕೆ ಸಿಕ್ಕಿದ್ದು ಪಂಕ್‌ಗೆ: ಚಿಕ್ಕ ಹಾಡು, ಮೂರು ಕಾರ್ಡ್, ಪಾಂಡಿತ್ಯದ ಬಗ್ಗೆ ಅಸಡ್ಡೆ. ಬೋಲನ್ ಅದನ್ನು ಗುರುತಿಸಿದ್ದ. 1977ರ ತನ್ನ ಪ್ರವಾಸದಲ್ಲಿ ದ ಡ್ಯಾಮ್ಡ್ ಎಂಬ ಪಂಕ್ ತಂಡವನ್ನು ಜತೆಗೆ ಕರೆದೊಯ್ದ. ಅದೇ ವರ್ಷದ ಸೆಪ್ಟೆಂಬರ್ 16ರಂದು, ಮೂವತ್ತು ತುಂಬಲು ಎರಡು ವಾರ ಇರುವಾಗ, ಲಂಡನ್ನಿನ ಬಾರ್ನ್ಸ್‌ನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡ.

ಯಾವ ರೂಪದಲ್ಲಿ ಕೇಳಬೇಕು ಎಂಬ ಬಗ್ಗೆ ಒಂದೆರಡು ಮಾತು. ಆಲ್ಬಂ ಹಲವು ಸಲ ಮರುಬಿಡುಗಡೆಯಾಗಿದೆ, ಕೆಲವು ಆವೃತ್ತಿಗಳಲ್ಲಿ ಅದೇ ಕಾಲದ ಬಿಡಿ ಹಾಡುಗಳು ಕೊನೆಗೆ ಸೇರಿವೆ. ಮೂಲ ಎಲ್‌ಪಿಯಲ್ಲಿ ಇಲ್ಲದ ‘ಹಾಟ್ ಲವ್’ ಇರುವ ಆವೃತ್ತಿ ಸಿಕ್ಕರೆ ಅದನ್ನೇ ಆರಿಸುವುದು ಲೇಸು. ಆದರೆ ಮೊದಲ ಸಲ ಕೇಳುವಾಗ ‘ರಿಪ್ ಆಫ್’ ಮುಗಿದಲ್ಲಿಗೆ ನಿಲ್ಲಿಸಿ, ಆ ಗುಂಯ್‌ಗುಡುವ ಸ್ವರದ ಬೆನ್ನಿಗೇ ಇನ್ನೊಂದು ಹಾಡು ಬಂದರೆ ಆಲ್ಬಂ ಮುಗಿದ ಅನುಭವ ಕೆಡುತ್ತದೆ. ಫೋನಿನ ಸ್ಪೀಕರ್ ಸಾಲದು. ಸ್ಟೀವ್ ಕರಿಯ ಬಾಸ್ ಗಿಟಾರ್ ಮತ್ತು ಮಿಕಿ ಫಿನ್‌ನ ಕಾಂಗಾ ಚರ್ಮವಾದ್ಯ ಅದರಲ್ಲಿ ಪೂರಾ ಕಳೆದುಹೋಗಿ, ಉಳಿಯುವುದು ಬರೀ ನಡುಗುವ ದನಿ. ಉದ್ದನೆಯ ಗಿಟಾರ್ ವಿಹಾರ ಬಯಸುವವರಿಗೂ ಸಾಹಿತ್ಯದಲ್ಲಿ ಅರ್ಥ ಹುಡುಕುವವರಿಗೂ ಈ ಆಲ್ಬಂ ನಿರಾಸೆ ತರಬಹುದು. ಉಳಿದವರು ‘ಮ್ಯಾಂಬೊ ಸನ್’ನಿಂದ ಶುರುಮಾಡಿ ಅನುಕ್ರಮ ತಪ್ಪಿಸದೆ ಕೇಳಲಿ, ಬೇಕಾದರೆ ‘ಲೀನ್ ವುಮನ್ ಬ್ಲೂಸ್’ ಒಂದನ್ನು ದಾಟಿಸಿಬಿಡಲಿ.